ಎದುರು ಹಾದಿಯ ಹೊರೆಯಾಳು

ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್ ಕೋಶದ ಅಗಲ ಸುಮಾರು 5 ಮೈಕ್ರೊಮೀಟರ್. ಅದರ ಮೈಮೇಲೆ ಒಂದೇ ಕಡೆ ಮೊಗ್ಗು ಮೂಡುತ್ತದೆ. ಸರಕೆಲ್ಲ ಅಲ್ಲಿಗೇ ಹೋಗಬೇಕು. ದಾರಿ ಹಾಕುವುದು ಮೊಗ್ಗಿನ ತುದಿಯಲ್ಲಿ ಕೂತ ಫಾರ್ಮಿನ್ ಪ್ರೋಟೀನು. ಅದು ಆಕ್ಟಿನ್ ಎಳೆಯನ್ನು ಬೆಳೆಸುತ್ತ ತಾಯಿಕೋಶದತ್ತ ತಳ್ಳುತ್ತಲೇ ಇರುತ್ತದೆ. ಅಂದರೆ ಹಾದಿಯೇ ಹಿಂದಕ್ಕೆ ಸರಿಯುತ್ತಿದೆ. ಮಯೋಸಿನ್-5 ಎಂಬ ಮೋಟಾರು ಪ್ರೋಟೀನು ಮಾತ್ರ ಹೊರೆ ಹೊತ್ತು ಮುಂದಕ್ಕೆ ಓಡುತ್ತಿದೆ, ಅದೂ ಸೆಕೆಂಡಿಗೆ ಸುಮಾರು 3 ಮೈಕ್ರೊಮೀಟರ್ ವೇಗದಲ್ಲಿ! ಹೊಸ ಗೋಡೆಯ ಸಾಮಗ್ರಿ ತುಂಬಿದ ಪುಟ್ಟ ಚೀಲಗಳಷ್ಟೇ ಅಲ್ಲ, ಮೊಗ್ಗು ಬೆಳೆದು ಆಗುವ ಮಗಳುಕೋಶದ ಪಾಲಿನ ರಸದಾನಿಯನ್ನೂ (ವ್ಯಾಕ್ಯೂಲ್) ಅದೇ ಎಳೆದು ತರುತ್ತದೆ. ನನಗೆ ತುಂಬಾ ಹಿಡಿಸಿದ್ದು ಹೊರೆ ಇಳಿಸುವ ರೀತಿ. ರಸದಾನಿಯನ್ನು ಮಯೋಸಿನ್‌ಗೆ ಬಿಗಿದಿಡುವುದು ವ್ಯಾಕ್17 ಎಂಬ ಕೊಂಡಿ. ಮೊಗ್ಗು ಸೇರಿದ್ದೇ ತಡ, ಆ ಕೊಂಡಿಯನ್ನು ಕೋಶವೇ ಒಡೆದುಹಾಕುತ್ತದೆ.