ಕುಷ್ಠಶಬ್ದವಿಚಾರವೂ ಚರ್ಮವೈದ್ಯರ ಸಂಶೋಧನೆಯೂ

ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ದೇವಾಲಯವು ಶಿಲ್ಪಜ್ಞರಿಗೆ ಎಷ್ಟು ಪ್ರಸಿದ್ಧವೋ, ಅಲ್ಲಿಯ ಶಿಲಾಶಾಸನವು ಕಾವ್ಯಾಭ್ಯಾಸಿಗಳಿಗೂ ಅಷ್ಟೇ ಪ್ರಸಿದ್ಧವಾದುದು. ಆ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನ. ಇದೇ ಕವಿಯು 1209ರಲ್ಲಿ ಯಶೋಧರಚರಿತೆಯನ್ನು ರಚಿಸಿದನು. ಶಾಸನದಲ್ಲಿ ಅಮೃತಶಬ್ದವು ದಾನಿಯಾದ ಪ್ರಭುವಿನ ಹೆಸರಿನಲ್ಲಿದೆ. ಕಾವ್ಯದಲ್ಲಿ ಅದೇ ಶಬ್ದವು ಪತಿಗೆ ವಿಷವಿಕ್ಕಿದ ರಾಣಿಯ ಹೆಸರಿನಲ್ಲಿದೆ. ಯಶೋಧರನ ಕಥೆಯನ್ನು ಹೇಳುವ ಜೈನಪರಂಪರೆಯಲ್ಲಿ ಆ ಅಮೃತಮತಿಗೆ ಈ ಲೋಕದಲ್ಲಿಯೇ ಒದಗುವ ಫಲವು ಕುಷ್ಠವ್ಯಾಧಿ.

ಪಾಪವು ಚರ್ಮದ ಮೇಲೆ ಅಕ್ಷರರೂಪವಾಗಿ ಮೂಡುವುದೆಂಬ ಈ ಕಲ್ಪನೆ ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. ಕೃಷ್ಣನ ಶಾಪದಿಂದ ಸಾಂಬನು ಕುಷ್ಠಿಯಾಗಿ ಸೂರ್ಯಾರಾಧನೆಯಿಂದ ಶುದ್ಧನಾದನೆಂದು ಪುರಾಣಗಳು ಹೇಳುತ್ತವೆ. ಮಯೂರಕವಿಯು ಸೂರ್ಯಶತಕವನ್ನು ರಚಿಸಿ ಅದೇ ವ್ಯಾಧಿಯನ್ನು ಕಳೆದುಕೊಂಡನೆಂದು ಐತಿಹ್ಯವಿದೆ. ಇದರಲ್ಲಿ ಕವಿಗಳನ್ನು ದೂಷಿಸತಕ್ಕದ್ದೇನೂ ಇಲ್ಲ. ಕಾಣದ ಕರ್ಮವನ್ನು ಕಾಣುವಂತೆ ಮಾಡುವುದು ಕಾವ್ಯದ ಧರ್ಮ; ದೇಹದಲ್ಲಿ ಎಲ್ಲರಿಗೂ ಕಾಣುವುದು ಚರ್ಮ. ದೋಷವಿರುವುದು ವ್ಯಾಖ್ಯಾನದಲ್ಲಿ. ಕಾವ್ಯದ ಸಂಕೇತವನ್ನು ಲೋಕದ ನಿದಾನವೆಂದು ತಿಳಿದು ಪಾಠಹೇಳುವ ಉಪಾಧ್ಯಾಯನು, ತರಗತಿಯ ಹಿಂದಿನ ಸಾಲಿನಲ್ಲಿ ತೊನ್ನಿನ ಕೈಯನ್ನು ಮರೆಮಾಡಿಕೊಂಡು ಕುಳಿತ ಬಾಲಕನಿಗೆ ತನಗೆ ತಿಳಿಯದೆಯೇ ಒಂದು ತೀರ್ಪನ್ನು ಕೊಟ್ಟಂತಾಗುವುದು.

ಶಾಸ್ತ್ರದ ಮಾತು ಬೇರೆ. ಚರಕಸುಶ್ರುತರಿಬ್ಬರೂ ಕುಷ್ಠಗಳು ಹದಿನೆಂಟು, ಅವುಗಳಲ್ಲಿ ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು ಎಂದು ಗಣಿಸಿರುವರು. ಆದರೆ ಗಣನೆ ಒಂದೇ ಆದರೂ ಪಟ್ಟಿಗಳು ಒಂದೇ ಅಲ್ಲ. ಸಿಧ್ಮವು ಚರಕನಲ್ಲಿ ಮಹಾಕುಷ್ಠ, ಸುಶ್ರುತನಲ್ಲಿ ಕ್ಷುದ್ರ. ದದ್ರುವು ಸುಶ್ರುತನಲ್ಲಿ ಮಹಾಕುಷ್ಠ, ಚರಕನಲ್ಲಿ ಕ್ಷುದ್ರ. ಇದನ್ನು ಕೇವಲ ಪಾಠವೈಷಮ್ಯವೆಂದು ಬಿಡಲಾಗದು. ನೋಡಿದವರು ನೋಡಿದಂತೆ ವಿಂಗಡಿಸಿ ಭಿನ್ನಾಭಿಪ್ರಾಯಪಟ್ಟರೆಂಬುದಕ್ಕೆ, ಅಂದರೆ ಅಲ್ಲಿ ವಿಮರ್ಶೆಯು ಜೀವಂತವಾಗಿತ್ತೆಂಬುದಕ್ಕೆ, ಇದು ಸಾಕ್ಷಿ. ಈ ಹದಿನೆಂಟರಲ್ಲಿ ತುರಿ, ಕಜ್ಜಿ, ಹುಳುಕಡ್ಡಿ, ಇಸಬು ಮೊದಲಾದವುಗಳ ಸಜಾತೀಯಗಳೆಲ್ಲ ಅಡಗಿವೆ. ಆದುದರಿಂದ ವೈದ್ಯಗ್ರಂಥದ ಕುಷ್ಠಶಬ್ದಕ್ಕೆ ಚರ್ಮರೋಗವೆಂಬುದೇ ಸಮೀಪದ ಅರ್ಥ. ಇಂದಿನ ರೂಢಿಯ ಕುಷ್ಠರೋಗವು ಅದರ ಒಂದು ಅಂಶ ಮಾತ್ರ.

ಶಬ್ದದ ವ್ಯಾಪ್ತಿಯು ಸಂಕುಚಿತವಾದರೂ ಅದರೊಡನೆ ಬಂದ ಭಯವು ಸಂಕುಚಿತವಾಗಲಿಲ್ಲ. ಕುಷ್ಠವು ಒಬ್ಬರಿಂದೊಬ್ಬರಿಗೆ ಸಂಕ್ರಮಿಸುವ ರೋಗಗಳಲ್ಲೊಂದೆಂದು ಸುಶ್ರುತನು ಹೇಳಿರುವನು. ಚರಕನು ಶ್ವಿತ್ರವನ್ನು ಕುಷ್ಠಚಿಕಿತ್ಸಾಧ್ಯಾಯದಲ್ಲಿಯೇ ನಿರೂಪಿಸಿದನು. ಜನರು ಶ್ವಿತ್ರವನ್ನು, ಎಂದರೆ ತೊನ್ನನ್ನು, ಬಿಳಿಯ ಕುಷ್ಠವೆಂದು ಕರೆದರು. ಹೆಸರಿನ ಬೆನ್ನಿಗೆ ಸಂಕ್ರಮಣದ ಅಂಜಿಕೆಯೂ ಬಂದು ಸೇರಿತು. ತೊನ್ನು ಅಂಟುವ ರೋಗವೇ ಅಲ್ಲ. ಅದು ಚರ್ಮಕ್ಕೆ ಬಣ್ಣಕೊಡುವ ಕೋಶಗಳ ನಾಶದಿಂದ ಉಂಟಾಗುವುದು. ಕುಷ್ಠರೋಗವಾದರೋ, ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದ ಸೂಕ್ಷ್ಮಜೀವಿಯಿಂದ ಹುಟ್ಟಿ ನರಗಳನ್ನು ಹಿಡಿಯುವುದು. ಸ್ಪರ್ಶಜ್ಞಾನವಿಲ್ಲದ ಮಚ್ಚೆಯು ಅದರ ಮುಖ್ಯ ಲಕ್ಷಣ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ಣವಾಗಿ ಗುಣವಾಗುವುದು. ಆದರೂ 1898ರ ಕುಷ್ಠರೋಗಿಗಳ ಕಾಯಿದೆಯು ರದ್ದಾದುದು 2016ರಲ್ಲಿ. ವಿವಾಹವಿಚ್ಛೇದನಕ್ಕೆ ಈ ರೋಗವು ಕಾರಣವಾಗದಂತೆ ಶಾಸನವು ತಿದ್ದುಪಡಿಯಾದುದು 2019ರಲ್ಲಿ. ಔಷಧಕ್ಕಿಂತ ಶಬ್ದವು ನಿಧಾನವಾಗಿ ಶುದ್ಧವಾಗುವುದೆಂಬುದು ಇದರಿಂದ ಸ್ಪಷ್ಟ. ನಿಂದೆಗೆ ಅಂಜಿ ಮಚ್ಚೆಯನ್ನು ಮುಚ್ಚಿಟ್ಟವನಿಗೆ ಹೋಗುವುದು ಮಾನವಲ್ಲ, ಕೈಬೆರಳು.

ಈ ಶಬ್ದಶುದ್ಧಿಯ ಭಾರವು ಅಧ್ಯಾಪನವೃತ್ತಿಯನ್ನು ಕೈಕೊಳ್ಳುವ ತರುಣ ಚರ್ಮವೈದ್ಯರ ಮೇಲೆ ವಿಶೇಷವಾಗಿ ಬೀಳುವುದು. ಎಂ. ಡಿ. ಪದವಿಯ ಮೂರು ವರ್ಷಗಳಲ್ಲಿ ಅವರು ಒಂದು ಪ್ರೌಢಪ್ರಬಂಧವನ್ನು ಬರೆಯಲೇಬೇಕು. ಬಳಿಕ ಹಿರಿಯ ನಿವಾಸಿವೈದ್ಯರಾಗಿ ಸೇವೆ ಸಲ್ಲಿಸಿ ಸಹಾಯಕ ಪ್ರಾಧ್ಯಾಪಕರಾಗುವರು. ಮುಂದಿನ ಬಡ್ತಿಗೆ ಪ್ರಕಟಿತ ಲೇಖನಗಳು ಬೇಕು. ಪದವಿಗೆ ಮುಂಚಿನ ವಿದ್ಯಾರ್ಥಿಗಳಿಗೂ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಅಲ್ಪಾವಧಿ ವಿದ್ಯಾರ್ಥಿವೇತನವುಂಟು. ಡಾ|| ಯು. ಬಿ. ನಾರಾಯಣರಾಯರು 1935ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಪತ್ರಿಕೆಯು ಹೆಸರು ಬದಲಾಯಿಸುತ್ತ ಇಂದು ಚರ್ಮ, ಗುಹ್ಯರೋಗ, ಕುಷ್ಠಗಳೆಂಬ ಮೂರು ವಿಷಯಗಳ ರಾಷ್ಟ್ರೀಯ ಸಂಘದ ಮುಖಪತ್ರಿಕೆಯಾಗಿದೆ. ಮಾರ್ಗವಿಲ್ಲವೆನ್ನಲು ಕಾರಣವಿಲ್ಲ. ಆದರೆ ನಗರದ ಸೌಂದರ್ಯಚಿಕಿತ್ಸೆಯ ಕ್ಲಿನಿಕ್ಕು ಕೊಡುವ ದ್ರವ್ಯವನ್ನು ಕಾಲೇಜು ಕೊಡಲಾರದು. ಆದುದರಿಂದ ಅನೇಕರಿಗೆ ಪ್ರಬಂಧವು ಮೊದಲನೆಯ ಸಂಶೋಧನೆಯೂ ಕೊನೆಯದೂ ಆಗಿ ಗ್ರಂಥಾಲಯದ ಬೀರುವನ್ನು ಸೇರುವುದು.

ಸಂಶೋಧನೆಗೆ ವಿಷಯವೆಲ್ಲಿ ಎಂಬವರಿಗೆ ಹುಳುಕಡ್ಡಿಯೇ ಉತ್ತರ. ಸಾಮಾನ್ಯವೆಂದು ಉಪೇಕ್ಷಿತವಾಗಿದ್ದ ಈ ಶಿಲೀಂಧ್ರರೋಗವು ಇತ್ತೀಚಿನ ವರ್ಷಗಳಲ್ಲಿ ಭಾರತದಲ್ಲಿ ಹಬ್ಬಿ, ಹಳೆಯ ಔಷಧಕ್ಕೆ ಮಣಿಯದಾಯಿತು. ಅದರ ಒಂದು ಹೊಸ ಪ್ರಭೇದಕ್ಕೆ 2020ರಲ್ಲಿ ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಎಂದು ನಾಮಕರಣವಾಯಿತು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಸ್ಟೆರಾಯ್ಡ್ ಮಿಶ್ರಿತ ಮುಲಾಮುಗಳ ದುರುಪಯೋಗವು ರೋಗವನ್ನು ಬಲಪಡಿಸಿತೆಂದು ಚರ್ಮವೈದ್ಯರು ತೋರಿಸಿರುವರು. ಇನ್ನೊಂದು ವಿಷಯವು ವರ್ಣನೆಗೆ ಸಂಬಂಧಿಸಿದುದು. ಪಾಶ್ಚಾತ್ಯ ಪಠ್ಯಗಳು ಬಿಳಿಯ ಚರ್ಮವನ್ನು ಮುಂದಿಟ್ಟುಕೊಂಡು ಕೆಂಪನ್ನು ಉರಿಯೂತದ ಲಕ್ಷಣವೆಂದವು. ಶ್ಯಾಮಲಚರ್ಮದಲ್ಲಿ ಆ ಕೆಂಪು ಕಂದಾಗಿ, ಊದಾ ಬಣ್ಣವಾಗಿ, ಕೆಲವು ವೇಳೆ ಕೇವಲ ಕಪ್ಪಾಗಿ ತೋರುವುದು. ಕಂಡುದನ್ನು ಕಂಡಂತೆ ಬರೆಯುವವನಿಗೆ ಇಲ್ಲಿ ಪ್ರತಿಯೊಬ್ಬ ರೋಗಿಯೂ ಒಂದು ಅಪ್ರಕಟಿತ ಗ್ರಂಥ.

ಈ ಪ್ರಬಂಧಗಳ ಮೇಲೆ ಭಾಷಾದೃಷ್ಟಿಯಿಂದ ಹೇಳಬೇಕಾದ ಆಕ್ಷೇಪವೊಂದಿದೆ. ರೋಗಿಯು ಕನ್ನಡದಲ್ಲಿ ಹೇಳಿದ ಮಾತು ಇಂಗ್ಲಿಷ್ ಪ್ರಬಂಧವನ್ನು ಸೇರುವುದರೊಳಗೆ ಮಾಯವಾಗಿರುವುದು. ದೇಶ್ಯನಾಮಗಳು ಅನಿಶ್ಚಿತ, ಶಾಸ್ತ್ರಕ್ಕೆ ಅನರ್ಹ ಎಂದು ಸಮಾಧಾನ ಹೇಳಬಹುದು. ಅನಿಶ್ಚಿತವೆಂಬುದು ನಿಜ. ಸಂಸ್ಕೃತದ ದದ್ರುವು ಹುಳುಕಡ್ಡಿಯಂತಹ ವ್ಯಾಧಿ. ಅದರ ತದ್ಭವವಾದ ದದ್ದು ಇಂದು ಮೈಮೇಲೆ ಏಳುವ ಬೊಬ್ಬೆಗೆ ಸಲ್ಲುವುದು. ಹುಳುಕಡ್ಡಿಯಲ್ಲಿ ಹುಳುವೂ ಇಲ್ಲ. ಆದರೆ ಅನಿಶ್ಚಿತವಾದುದನ್ನು ನಿಶ್ಚಯಿಸುವುದೇ ಸಂಶೋಧನೆಯಷ್ಟೆ? ಯಾವ ಸೀಮೆಯಲ್ಲಿ ಯಾವ ಹೆಸರು ಯಾವ ರೋಗಕ್ಕೆ ಸಲ್ಲುವುದೆಂದು ತರುಣವೈದ್ಯರು ರೋಗಿಗಳಿಂದ ಕೇಳಿ ಬರೆದಿಡಲಿ. ಪಂಡಿತರು ವೈದ್ಯಗ್ರಂಥಗಳಿಂದ ಆ ಹೆಸರುಗಳ ಚರಿತ್ರೆಯನ್ನು ಶೋಧಿಸಲಿ. ಪ್ರತಿಯೊಂದು ಪ್ರಬಂಧಕ್ಕೂ ಒಂದು ಪುಟದ ಕನ್ನಡ ಸಾರಾಂಶವಿರಲಿ. 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನು, 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವಾದ ಖಗೇಂದ್ರಮಣಿದರ್ಪಣವನ್ನು ಕನ್ನಡದಲ್ಲಿ ರಚಿಸಿರಲು, ಈ ಭಾಷೆಗೆ ಶಕ್ತಿಯಿಲ್ಲವೆಂಬ ಮಾತು ನಿಲ್ಲದು.

ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಸ್ಥಾನವನ್ನು ವೇದವ್ಯಾಕರಣಗಳ ಅಧ್ಯಯನಕ್ಕೂ, ಅನ್ನದಾನಕ್ಕೂ, ಅನಾಥರೋಗಿಗಳ ಚಿಕಿತ್ಸೆಗೂ ನೆಲೆಯೆಂದು ವರ್ಣಿಸುವುದು. ಶಬ್ದವನ್ನು ಶೋಧಿಸುವವನೂ ವ್ರಣವನ್ನು ತೊಳೆಯುವವನೂ ಅಲ್ಲಿ ಒಂದೇ ಮಠದವರು. ಆ ನೆರೆಹೊರೆಯು ಮತ್ತೆ ಏರ್ಪಟ್ಟಲ್ಲಿ, ಯಶೋಧರಚರಿತೆಯನ್ನು ಓದುವ ವಿದ್ಯಾರ್ಥಿಯು ಅಮೃತಮತಿಯ ಪಾಪವನ್ನು ಆಕೆಯ ಕಥೆಯಲ್ಲಿಯೇ ಬಿಟ್ಟು, ತನ್ನ ಪಕ್ಕದವನ ಕೈಯನ್ನು ಅಂಜದೆ ಹಿಡಿಯುವನು.