ಕಪ್ ಗೆದ್ದವರು ಯಾರು ಸ್ವಾಮಿ?

ಫುಟ್‌ಬಾಲ್ ಗಂಧಗಾಳಿ ಇಲ್ಲದವರೂ ‘ದಿ ಇಂಗ್ಲಿಷ್ ಗೇಮ್’ ನೋಡಬಹುದು. 2020ರ ಮಾರ್ಚ್‌ನಲ್ಲಿ, ಸರಿಯಾಗಿ ಲಾಕ್‌ಡೌನ್ ಹೊತ್ತಿಗೆ, ನೆಟ್‌ಫ್ಲಿಕ್ಸ್‌ಗೆ ಬಂದ ಸೀರೀಸು ಇದು. ಆರೇ ಎಪಿಸೋಡು. ಹಿಂದೆ ಇರೋ ತಲೆ ‘ಡೌನ್‌ಟನ್ ಆ್ಯಬಿ’ ಮಾಡಿದ ಜೂಲಿಯನ್ ಫೆಲೋಸ್ ಅವರದು. ಹಾಗಾಗಿ ದೊಡ್ಡ ಬಂಗಲೆ, ಗೌನು, ಊಟದ ಟೇಬಲ್ಲಿನ ಮೇಲೆ ಸಣ್ಣ ದನಿಯ ಜಗಳ, ಯಾವುದಕ್ಕೂ ಬರ ಇಲ್ಲ.

ಕತೆ ಇಷ್ಟೇ. ಫರ್ಗಸ್ ಸೂಟರ್ ಅನ್ನೋ ಸ್ಕಾಟ್ಲೆಂಡಿನ ಕಲ್ಲುಕುಟಿಗ, ಲ್ಯಾಂಕಷೈರಿನ ಡಾರ್ವೆನ್ ಅನ್ನೋ ಮಿಲ್ಲಿನ ಊರಿಗೆ ಬಂದು ಕದ್ದುಮುಚ್ಚಿ ದುಡ್ಡು ಇಸ್ಕೊಂಡು ಚೆಂಡಾಡ್ತಾನೆ. ಆಮೇಲೆ ಹೆಚ್ಚು ದುಡ್ಡಿಗೆ ಪಕ್ಕದ ಬ್ಲ್ಯಾಕ್‌ಬರ್ನ್‌ಗೆ ಹೋಗ್ತಾನೆ. ಎದುರಿಗೆ ಈಟನ್ ಶಾಲೆಯಲ್ಲಿ ಓದಿದ ಸಾಹುಕಾರರ ಮಕ್ಕಳು, ಓಲ್ಡ್ ಈಟೋನಿಯನ್ಸ್. ದುಡ್ಡಿಗೆ ಆಡೋದು ಹೀನ ಅಂತ ಅವರ ನಂಬಿಕೆ. (ಮನೇಲಿ ದುಡ್ಡು ಕೊಳೀತಿದ್ದೋರಿಗೆ ಹಾಗೆ ನಂಬೋದು ಸುಲಭ ಬಿಡಿ.) ಮಿಲ್ಲಿನಲ್ಲಿ ಕೂಲಿ ಕಡಿತ, ಬೀದಿಯಲ್ಲಿ ಗಲಾಟೆ, ವಾರವಿಡೀ ಮಗ್ಗದ ಮುಂದೆ ನಿಂತ ಕಾಲುಗಳು ಶನಿವಾರ ಮೈದಾನಕ್ಕಿಳಿಯೋದು, ಇವೆಲ್ಲ ಚೆನ್ನಾಗೇ ಬಂದಿವೆ. ಐದು ಎಪಿಸೋಡು ನಾನು ತಕರಾರಿಲ್ಲದೆ ನೋಡಿದೆ.

ಆರನೇದರಲ್ಲಿ ಕೆಟ್ಟಿತು. 1883ರ ಎಫ್‌ಎ ಕಪ್ ಫೈನಲ್. ಸೂಟರ್ ಆಡೋ ‘ಬ್ಲ್ಯಾಕ್‌ಬರ್ನ್’ ತಂಡ ಈಟನ್ನಿನವರನ್ನ ಸೋಲಿಸುತ್ತೆ, ಊರೆಲ್ಲ ಕುಣಿಯುತ್ತೆ, ನಮ್ಮ ಕಣ್ಣೂ ತೇವ ಆಗುತ್ತೆ. ಒಂದೇ ತೊಂದರೆ. ಆವತ್ತು ಸೂಟರ್ ಆ ಮೈದಾನದಲ್ಲಿ ಆಡಲೇ ಇಲ್ಲ!

ಆ ಊರಲ್ಲಿ ಎರಡು ಕ್ಲಬ್ ಇದ್ದವು ನೋಡಿ. ಒಂದು 1875ರಲ್ಲಿ ಹುಟ್ಟಿದ ಬ್ಲ್ಯಾಕ್‌ಬರ್ನ್ ರೋವರ್ಸ್, ಸ್ವಲ್ಪ ಅನುಕೂಲಸ್ಥರದ್ದು. ಸೂಟರ್ ಸೇರಿದ್ದು ಅಲ್ಲಿಗೆ. ಇನ್ನೊಂದು 1878ರ ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಕೂಲಿಯವರದ್ದು. ರೋವರ್ಸ್ 1882ರ ಫೈನಲ್‌ನಲ್ಲಿ ಇದೇ ಈಟನ್ನಿನವರ ಕೈಲಿ ಸೋತಿತ್ತು. ಮರುವರ್ಷ, 1883ರ ಮಾರ್ಚ್ 31ರಂದು, ಅವರನ್ನ 2–1ರಿಂದ ಹೊಡೆದದ್ದು ಒಲಿಂಪಿಕ್. ನೇಕಾರರು, ಕಬ್ಬಿಣದ ಕಾರ್ಖಾನೆಯವರು ಇದ್ದ ತಂಡ ಅದು. ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದ ಜಿಮ್ಮಿ ಕಾಸ್ಟ್ಲಿ, ಹತ್ತಿ ಮಿಲ್ಲಿನಲ್ಲಿ ನೂಲು ತೆಗೀತಿದ್ದ ಹುಡುಗ. ತಂಡ ತಯಾರು ಮಾಡಿದ್ದು ಜ್ಯಾಕ್ ಹಂಟರ್. ಪಂದ್ಯಕ್ಕೆ ಮುಂಚೆ ಹುಡುಗರನ್ನ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಕರಕೊಂಡು ಹೋಗಿ ಪಳಗಿಸಿದವನು. ಆ ಕಾಲಕ್ಕೆ ಅದೇ ದೊಡ್ಡ ಸುದ್ದಿ.

ಮುಂದಿನ ಮೂರು ವರ್ಷ ಸತತವಾಗಿ ಕಪ್ ರೋವರ್ಸ್‌ಗೆ. ಸೂಟರ್ ಗೆದ್ದದ್ದು ಆಗ. 1885ರಲ್ಲಿ ದುಡ್ಡಿಗೆ ಆಡೋದು ಕಾನೂನುಬದ್ಧ ಆಯ್ತು. ಸಂಬಳ ಕೊಡೋಕೆ ತಾಕತ್ತಿಲ್ಲದ ಒಲಿಂಪಿಕ್ 1889ಕ್ಕೆ ಬಾಗಿಲು ಹಾಕ್ತು. ಅಂದ್ರೆ ಸೀರೀಸು ಯಾವ ಬದಲಾವಣೆಯನ್ನ ಬಡವರ ಗೆಲುವು ಅಂತ ಹಾಡಿ ಹೊಗಳುತ್ತೋ, ಮೊದಲು ಗೆದ್ದ ಬಡವರನ್ನ ಮುಗಿಸಿದ್ದೂ ಅದೇ. ಎಂಥ ಕತೆ ಅದು! ಕೈಯಲ್ಲೇ ಇತ್ತು. ಹೀರೋ ಒಬ್ಬನೇ ಇರಬೇಕು ಅಂತ ಎರಡು ಕ್ಲಬ್ಬನ್ನ ಕಲಸಿ ಒಂದು ಮುದ್ದೆ ಮಾಡಿಟ್ಟರು.

ಸಿನಿಮಾದೋರು ಹಾಗೇ ಕಣ್ರೀ, ಬಿಟ್ಟುಬಿಡಿ ಅನ್ನಬಹುದು. ಕೋಲಾರದ ಕಡೆಯೋರು ಅಷ್ಟು ಸುಲಭಕ್ಕೆ ಬಿಡಲ್ಲ. 2018ರಲ್ಲಿ ‘ಕೆಜಿಎಫ್’ ಬಂದು ದೇಶವೆಲ್ಲ ಓಡಿತು. ಅದರಲ್ಲಿ 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಇಲ್ಲ, ಬೆರಳಚ್ಚು ಕೊಡಲ್ಲ ಅಂತ 1930ರಲ್ಲಿ ಮುಷ್ಕರ ಹೂಡಿದ ಕಾರ್ಮಿಕರಿಲ್ಲ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಕೆಲಸ ಕಳ್ಕೊಂಡೋರಿಲ್ಲ. ಆದರೂ ಅದು ನರಾಚಿ ಅನ್ನೋ ಇಲ್ಲದ ಊರು ಕಟ್ಟಿಕೊಂಡು, ಕಟ್ಟುಕತೆ ಅಂತಲೇ ಬಂತು. ಇದು ನಿಜವಾದ ಮನುಷ್ಯರ ಹೆಸರು, ನಿಜವಾದ ಇಸವಿ ಇಟ್ಕೊಂಡು ಕಪ್ಪನ್ನ ಇನ್ನೊಬ್ಬರ ಕೈಗೆ ಕೊಡುತ್ತೆ. ನನ್ನ ಕಣ್ಣಿಗೆ ಇದೇ ಹೆಚ್ಚಿನ ತಪ್ಪು.

ಇನ್ನೊಂದು ಮರೆವಿದೆ. ಆ ಮಗ್ಗಗಳಲ್ಲಿ ನೇಯ್ತಿದ್ದದ್ದು ಏನು? ಬ್ಲ್ಯಾಕ್‌ಬರ್ನ್ ಮಿಲ್ಲುಗಳ ದೊಡ್ಡ ಗಿರಾಕಿ ಇಂಡಿಯಾ. ನಮ್ಮ ತಾತಂದಿರ ಕಾಲಕ್ಕೆ ಇಲ್ಲಿ ಸಂತೆಗಳಿಗೆ ಬರ್ತಿದ್ದ ಸೀಮೆ ಪಂಚೆ ಅಲ್ಲಿಯ ಪ್ರಮುಖ ಸರಕು. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ನಿಂತಾಗ ಲ್ಯಾಂಕಷೈರಿನ ಕಣ್ಣು ಬಿದ್ದದ್ದು ಧಾರವಾಡದ ಹತ್ತಿ ಮೇಲೆ, ಕಾರವಾರ ಬಂದರಿನ ಮೇಲೆ. ಸೂಟರ್ ಮೊದಲು ಆಡಿದ ಅದೇ ಡಾರ್ವೆನ್ ಕಡೆಗೆ 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಹೋಗಿ, ಕೆಲಸ ಇಲ್ಲದೆ ಕೂತ ಮಿಲ್ ಕಾರ್ಮಿಕರ ಜತೆ ಮಾತಾಡಿ ಬಂದರು. ಆರು ಎಪಿಸೋಡಿನಲ್ಲಿ ಮಗ್ಗದ ಸದ್ದು ಎಷ್ಟೋ ಸಲ ಕೇಳುತ್ತೆ; ಆ ಬಟ್ಟೆ ಯಾರು ಉಡ್ತಿದ್ದರು ಅನ್ನೋದು ಮಾತ್ರ ಕಾಣಲ್ಲ.

ರೋವರ್ಸ್ ಆಮೇಲೆ 1888ರ ಫುಟ್‌ಬಾಲ್ ಲೀಗಿನ ಸ್ಥಾಪಕರಲ್ಲಿ ಒಂದಾಯ್ತು, ಮೂರು ಸಲ ಲೀಗ್ ಗೆದ್ದಿತು. ಕೊನೇದು 1995ರಲ್ಲಿ, ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್ ಸುರಿದ ದುಡ್ಡಿನಿಂದ. 2010ರ ನವೆಂಬರ್‌ನಲ್ಲಿ ಅದನ್ನ ಕೊಂಡದ್ದು ಪುಣೆಯ ವೆಂಕೀಸ್. ಹೌದು, ಮಾಲೂರು, ಮುಳಬಾಗಿಲು ಕಡೆ ಕೋಳಿ ಫಾರಂ ಇಟ್ಟೋರಿಗೆ ಗೊತ್ತಿರೋ ಅದೇ ಹೆಸರು. ಒಂದು ಕಾಲಕ್ಕೆ ನಮಗೆ ಪಂಚೆ ಮಾರಿದ ಊರಿನ ಕ್ಲಬ್ಬು ಇಲ್ಲಿಯ ಕೋಳಿ ದುಡ್ಡಿಗೆ ಬಿಕರಿ ಆಯ್ತು ಅಂತ ಎದೆಯುಬ್ಬಿಸೋಣ ಅಂದ್ರೆ, ಅದಕ್ಕೂ ಅವಕಾಶ ಸಿಗಲಿಲ್ಲ. ಒಂದೇ ತಿಂಗಳಲ್ಲಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್‌ರನ್ನ ತೆಗೆದರು. 2012ರ ಮೇನಲ್ಲಿ, ಸ್ವಂತ ಮೈದಾನದಲ್ಲೇ ವಿಗನ್ ಎದುರು 1–0ರಿಂದ ಸೋತು ತಂಡ ಕೆಳಗಿನ ಡಿವಿಜನ್‌ಗೆ ಇಳೀತು. ಆವತ್ತು ಆಟ ನಡೀತಿರುವಾಗಲೇ ಯಾರೋ ಅಭಿಮಾನಿಗಳು ಒಂದು ಕೋಳಿಗೆ ಕ್ಲಬ್ಬಿನ ಬಾವುಟ ಹೊದಿಸಿ ಮೈದಾನದೊಳಕ್ಕೆ ಬಿಟ್ಟರು.