ಮಾಲ್ಗುಡಿಗೆ ಮಲೆನಾಡಿನ ಜಗಲಿ

‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಬಾಲಕ ಸ್ವಾಮಿಯ ಅಪ್ಪನಾಗಿ ನಟಿಸಿದ ಗಿರೀಶ ಕಾರ್ನಾಡರು ಬಾಲ್ಯ ಕಳೆದದ್ದು ಶಿರಸಿಯಲ್ಲಿ. ನಿರ್ದೇಶಕ ಶಂಕರ್ ನಾಗ್ ಘಟ್ಟದ ಕೆಳಗಿನ ಹೊನ್ನಾವರ ಸೀಮೆಯವರು. ಆರ್.ಕೆ. ನಾರಾಯಣರು ಕಲ್ಪಿಸಿದ ಊರಿಗೆ ಶಂಕರ್ ಆಗುಂಬೆಯಲ್ಲಿ ನೆಲೆ ಕೊಟ್ಟರು. ಅಲ್ಲಿನ ದೊಡ್ಡಮನೆಯ ಕಂಬ, ಜಗಲಿ, ಅಂಗಳಗಳನ್ನು ಕಂಡ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಅದು ತಮ್ಮದೇ ಮನೆ.

ಜಾನ್ ದೇವರಾಜರ ಕಲಾ ನಿರ್ದೇಶನ, ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಸಂಗೀತ, ಮಾಸ್ಟರ್ ಮಂಜುನಾಥನ ಸಹಜ ನಟನೆ: ಯಾವುದೂ ಕತೆಯನ್ನು ಮೀರಿ ಮೆರೆಯಲಿಲ್ಲ. ಆ ಸಂಯಮವೇ ಧಾರಾವಾಹಿಯ ಕಸುಬುಗಾರಿಕೆ.

1990ರ ಸೆಪ್ಟೆಂಬರ್ 30ರಂದು ಅಪಘಾತ ಶಂಕರ್ ಅವರನ್ನು ಕಸಿದುಕೊಂಡಿತು. ಮುಂದೆ ಕವಿತಾ ಲಂಕೇಶ್ ಹೊಸ ಕಂತುಗಳನ್ನು ನಿರ್ದೇಶಿಸುವ ಹೊತ್ತಿಗೆ, ನೆರೆಹೊರೆಯವರೆಲ್ಲ ಒಂದೇ ಟಿವಿಯ ಮುಂದೆ ಕೂರುವ ಕಾಲ ಮುಗಿದಿತ್ತು. ಸಣ್ಣ ಊರಿನ ಸಣ್ಣ ಸಂಗತಿಗೆ ಇಷ್ಟು ಮರ್ಯಾದೆ ಕೊಟ್ಟ ಧಾರಾವಾಹಿ ನಮ್ಮಲ್ಲಿ ಇನ್ನೊಂದಿಲ್ಲ.